ರೊಟ್ಟಿ ಬಂತು, ರಾಡಿ ಉಳೀತು

ನಮ್ಮೂರು ಮುಗಳಖೋಡಕ್ಕೆ ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ಘಟಪ್ರಭೆ. ಎರಡೂ ಊರಿನಿಂದ ದೂರವೇ. ಹಾಗಾಗಿ ನೆರೆ ಬಂದಾಗ ನಾವು ಗಂಟುಮೂಟೆ ಕಟ್ಟಿಕೊಂಡು ಓಡುವವರಲ್ಲ, ಓಡಿ ಬಂದವರಿಗೆ ಜಾಗ ಮಾಡಿಕೊಡಬೇಕಾದವರು.

2005, 2009, 2019, 2021. ಕೃಷ್ಣಾ ತೀರದವರನ್ನು ಕೇಳಿದರೆ ಈ ಇಸವಿಗಳನ್ನು ಮಕ್ಕಳ ಹುಟ್ಟಿದ ವರ್ಷದ ಹಾಗೆ ಹೇಳ್ತಾರೆ. ಮಹಾಬಳೇಶ್ವರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾ ಡ್ಯಾಮು ತುಂಬಿದರೆ ಸಾಕು, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಂತೂ ಎರಡೂ ನದಿ ಒಟ್ಟಿಗೇ ಉಕ್ಕಿದವು. ಅತ್ತ ಕುಡಚಿಯ ಸೇತುವೆ ಮುಳುಗಿತು, ಇತ್ತ ಹಿಡಕಲ್ ಡ್ಯಾಮಿನ ನೀರು ಗೋಕಾಕಕ್ಕೆ ನುಗ್ಗಿತು. ರಾಜ್ಯದ ಮೂಲೆಮೂಲೆಯಿಂದ ರೊಟ್ಟಿ, ಹೊದಿಕೆ, ನೀರಿನ ಬಾಟಲಿ ತುಂಬಿದ ಲಾರಿಗಳು ಬಂದವು. ನೀವೂ ಆಗ ಆಫೀಸಿನಲ್ಲಿ ಒಂದು ಡಬ್ಬ ತುಂಬಿ ಕಳಿಸಿರ್ತೀರಿ.

ಆದರೆ ಮನೆಯ ಕತೆ ಶುರುವಾಗೋದು ನೀರು ಇಳಿದ ಮೇಲೆ. ನಮ್ಮ ಕಡೆಯ ಹಳೇ ಮನೆಗಳದ್ದು ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನೀರು ನಿಂತಿರುವಾಗ ಗೋಡೆಯೂ ನಿಂತಿರುತ್ತದೆ. ನೀರು ಸರಿದು ಬಿಸಿಲು ಬಿದ್ದ ಮೇಲೆ, ಬುಡ ಮೆತ್ತಗಾದ ಗೋಡೆ ಎಷ್ಟೋ ಸಲ ಸದ್ದಿಲ್ಲದೆ ಕುಸಿಯುತ್ತದೆ.

ಆ ತಿಂಗಳ ಕೊನೆಗೆ ನಾವು ಆರು ಜನ ಗೆಳೆಯರು ಸಲಿಕೆ, ಬುಟ್ಟಿ ಹಿಡಿದು ಹೊಳೆದಂಡೆಯ ಒಂದು ಹಳ್ಳಿಗೆ ಹೋದೆವು. ಒಬ್ಬ ಅಜ್ಜಿ ನಮ್ಮ ಕೈ ನೋಡಿ, "ರೊಟ್ಟಿ ಭಾಳ ಬಂದಾವ ತಮ್ಮಾ, ಈ ರಾಡಿ ಯಾರ್ ತೆಗೀತಾರ?" ಅಂದಳು. ಒಂದು ಕೋಣೆಯ ರಾಡಿ ತೆಗೆಯಲು ಒಂದಿಡೀ ದಿನ ಬೇಕಾಯ್ತು. ಮರುದಿನ ಊರಿನ ಗೌಂಡಿ ಬಂದು ತೊಲೆಗೆ ಕಂಬ ಆನಿಸಿಕೊಟ್ಟ. ಬಾಗಿದ ಗೋಡೆ ಕೆಡವಿ, ಕಲ್ಲು ಬೇರೆ ಮಾಡಿ ಒಟ್ಟಿದೆವು. ಅದೇ ಕಲ್ಲು ಮತ್ತೆ ಗೋಡೆಗೆ ಬೇಕಲ್ಲ! ಲ್ಯಾಪ್‌ಟಾಪ್ ಮುಂದೆ ಕೂತ ಬೆನ್ನುಗಳು ವಾರವಿಡೀ ನೋಯುತ್ತಿದ್ದವು.

ಇದು ನಮ್ಮ ಕಡೆಯ ಕತೆಯಷ್ಟೇ ಅಲ್ಲ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ಮುಳುಗಿದಾಗ ದೇಶವಿದೇಶದ ಯುವಕ ಯುವತಿಯರು ಬಂದು ಕೆಸರಿನಿಂದ ಪುಸ್ತಕ, ಚಿತ್ರಗಳನ್ನು ಎತ್ತಿದರು. ಜನ ಅವರನ್ನು 'ಕೆಸರಿನ ದೇವದೂತರು' ಎಂದೇ ಕರೆದರು. 2005ರಲ್ಲಿ, ಕೃಷ್ಣೆ ಉಕ್ಕಿದ ಅದೇ ಮಳೆಗಾಲದಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಕತ್ರಿನಾ ಚಂಡಮಾರುತ ಅಪ್ಪಳಿಸಿತು. ಒಡ್ಡುಗಳು ಒಡೆದು ನಗರದ ಸುಮಾರು ಶೇ. 80ರಷ್ಟು ಭಾಗ ಮುಳುಗಿತು. ಮುಂದಿನ ವಸಂತದ ರಜೆಯಲ್ಲಿ ಸಾವಿರಾರು ಕಾಲೇಜು ಹುಡುಗರು ಅಲ್ಲಿಗೆ ಹೋದರು. ಬೂಸ್ಟು ಹಿಡಿದ ಒಳಗೋಡೆಯ ಹಲಗೆಗಳನ್ನು ಕಿತ್ತು, ಮನೆಗಳ ಮರದ ಅಸ್ಥಿಪಂಜರ ಮಾತ್ರ ಉಳಿಸಿದರು. ಹಾಗೆ ಮಾಡದೆ ಆ ಮನೆಗಳನ್ನು ಮತ್ತೆ ಕಟ್ಟುವಂತಿರಲಿಲ್ಲ. ಗಮನಿಸಿ, ಅವರು ಹೋದದ್ದು ಆರು ತಿಂಗಳ ನಂತರ.

ನಮ್ಮಲ್ಲಿ ಆರು ತಿಂಗಳ ನಂತರ ಏನಾಯ್ತು? ಸರಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ದುಡ್ಡು ಹಂತ ಹಂತವಾಗಿ ಬರುವಂಥದ್ದು: ಪಾಯ ಹಾಕಿದರೆ ಒಂದಿಷ್ಟು, ಗೋಡೆ ಎದ್ದರೆ ಇನ್ನೊಂದಿಷ್ಟು. ಕೈಯಲ್ಲಿ ಕಾಸಿಲ್ಲದವನು ಗೋಡೆ ಎಬ್ಬಿಸೋದು ಹೇಗೆ? ಅಷ್ಟರಲ್ಲಿ 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಗೌಂಡಿಯೂ ಇಲ್ಲ, ಸಿಮೆಂಟೂ ಇಲ್ಲ. ಮುಂದಿನ ಮಳೆಗಾಲಕ್ಕೂ ತಗಡಿನ ಶೆಡ್ಡೇ ಗತಿಯಾದ ಮನೆಗಳನ್ನು ನಾನು ಕಂಡಿದ್ದೇನೆ.

ನೆರೆಯ ಇತಿಹಾಸದಲ್ಲಿ ಎಷ್ಟು ಕ್ಯೂಸೆಕ್ ನೀರು ಬಂತು, ಯಾವ ಮಂತ್ರಿ ಬಂದರು ಅನ್ನೋದೆಲ್ಲ ದಾಖಲಾಗುತ್ತದೆ. ಯಾರ ಮನೆ ಯಾವಾಗ ಮತ್ತೆ ಎದ್ದಿತು, ಯಾರು ಕಲ್ಲು ಹೊತ್ತರು ಅನ್ನೋದು ಎಲ್ಲೂ ಇಲ್ಲ. ನಮ್ಮ ಹಿರಿಯರ ಬಳಿ ಈ ಕೆಲಸಕ್ಕೊಂದು ಶಬ್ದವಿತ್ತು: ಮುಯ್ಯಾಳು. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನದಕ್ಕೆ ನೀನು.

ಮುಂದಿನ ಸಲ ಹೊಳೆ ಬಂದಾಗ ರೊಟ್ಟಿ ಕಳಿಸಿ, ಬೇಡ ಅನ್ನಲ್ಲ. ಜತೆಗೆ ನಾಲ್ಕು ದಿನದ ರಜೆ ಉಳಿಸಿಕೊಳ್ಳಿ. ಟೀವಿಯವರೆಲ್ಲ ವಾಪಸು ಹೋದ ಮೇಲೆ, ಮೂರನೇ ತಿಂಗಳಲ್ಲಿ ಬನ್ನಿ. ಸಲಿಕೆ ನಮ್ಮಲ್ಲೇ ಇದೆ.