ಬಿಟ್ಟಿ ಕಾವಲಿನ ಲೆಕ್ಕ

ಆನ್‌ಲೈನ್ ಗುಂಪುಗಳ ಮಾಡರೇಟರುಗಳಿಗೆ ದುಡ್ಡು ಕೊಡಬೇಕೇ ಎಂಬ ಪ್ರಶ್ನೆ 2023ರ ರೆಡಿಟ್ ಮುಷ್ಕರದ ದಿನವೇ ಹುಟ್ಟಿತೇನೋ ಎಂಬಂತೆ ಈಗ ಬರೆಯುತ್ತಿದ್ದಾರೆ. ಈ ಕೆಲಸದಲ್ಲಿ ತಲೆ ನರೆತವರಿಗೆ ಇದು ಹಳೆಯ ತಕರಾರು.

ಹಳೆಯ ಚರ್ಚಾಜಾಲ ಯೂಸ್‌ನೆಟ್‌ನ ಕಾಲವನ್ನು ಬೇಗ ದಾಟಬಹುದು. ಅಲ್ಲಿ ಗುಂಪಿನ ಶ್ರಮದಿಂದ ಲಾಭ ಎಣಿಸುವ ಮಾಲೀಕನೇ ಇರಲಿಲ್ಲ. ಮಾಲೀಕ ಬಂದದ್ದು ಇಂಟರ್ನೆಟ್ ಕಂಪನಿ ಅಮೆರಿಕ ಆನ್‌ಲೈನ್ ಜೊತೆಗೆ. ಅದರ ಸಾವಿರಾರು ‘ಕಮ್ಯುನಿಟಿ ಲೀಡರ್’ಗಳಿಗೆ ತರಬೇತಿ, ಪಾಳಿ, ಹಾಜರಿ, ವರದಿ ಎಲ್ಲವೂ ಇತ್ತು, ಸಂಬಳ ಮಾತ್ರ ಇರಲಿಲ್ಲ, ಚಂದಾದಲ್ಲಿ ರಿಯಾಯಿತಿ ಅಷ್ಟೇ. 1999ರಲ್ಲಿ ಮಾಜಿ ಲೀಡರುಗಳು ಕನಿಷ್ಠ ವೇತನ ಕೇಳಿ ಕೋರ್ಟಿಗೆ ಹೋದರು. 2010ರಲ್ಲಿ ಒಂದೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಪಾಳಿ ಹಾಕಿದರೆ ಸ್ವಯಂಸೇವಕ ನೌಕರನಾಗಿಬಿಡುತ್ತಾನೆ ಎಂಬುದನ್ನು ಆಮೇಲಿನ ಕಂಪನಿಗಳು ಚೆನ್ನಾಗಿಯೇ ಅರಿತುಕೊಂಡಂತಿವೆ. ಸಮಯ ನಿಮ್ಮದು, ನಿಯಮ ನಿಮ್ಮದು ಎಂದು ಸುಮ್ಮನಾದವು.

ವಿಕಿಪೀಡಿಯದ ಮಾತು ಬೇರೆ. ಕನ್ನಡ ಆವೃತ್ತಿ 2003ರಿಂದ ಇದೆ. ಅದರ ನಿರ್ವಾಹಕರಿಗೂ ಸಂಬಳವಿಲ್ಲ. ಆದರೆ ಅಲ್ಲಿ ಲಾಭ ತಿನ್ನುವವರೂ ಇಲ್ಲ. ಅಲ್ಲಿನ ತಲೆನೋವು ಕಾಸು ಪಡೆದು ಬರೆಯುವವರದು. 2014ರಿಂದ ಅಂಥವರು ಯಾರ ಪರವಾಗಿ ಬರೆಯುತ್ತಿದ್ದೇವೆಂದು ಹೇಳಲೇಬೇಕು.

ವಿದ್ವಾಂಸರಲ್ಲಿ ಟಿಜಿಯಾನಾ ಟೆರನೋವಾ 2000ದಲ್ಲೇ ಈ ಪುಕ್ಕಟೆ ದುಡಿಮೆಯ ಬಗ್ಗೆ ಬರೆದರು. ನನಗೆ ಹೆಚ್ಚು ಒಪ್ಪಿಗೆಯಾಗುವವರು ನೇಥನ್ ಮಟಿಯಾಸ್: ಮಾಡರೇಟರನ ಕೆಲಸ ಕಂಪನಿ, ಗುಂಪಿನ ಸದಸ್ಯರು, ಜೊತೆಯ ಮಾಡರೇಟರುಗಳು ಈ ಮೂವರಿಗೂ ಉತ್ತರ ಹೇಳುವ ನಾಗರಿಕ ದುಡಿಮೆ ಎನ್ನುತ್ತಾರೆ. ಸಂಬಳವೊಂದೇ ಮದ್ದು ಎನ್ನುವವರು ಇದನ್ನು ಓದಿಲ್ಲ. ಕೂಲಿ ಇದ್ದರೂ ಸಂಕಟ ತಪ್ಪದು: 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ತೆರಲು ಒಪ್ಪಿದ್ದು, ಕೂಲಿ ಕೊಟ್ಟೇ ದುಡಿಸಿಕೊಂಡ ಮಾಡರೇಟರುಗಳು ಮಾನಸಿಕ ಆರೋಗ್ಯ ಕೆಟ್ಟಿತೆಂದು ಹೂಡಿದ ಮೊಕದ್ದಮೆಯಲ್ಲಿ.

ಇನ್ನು ಎಲ್ಲರೂ ಉಲ್ಲೇಖಿಸುವ 2022ರ ಅಧ್ಯಯನ. ರೆಡಿಟ್ ಮಾಡರೇಟರುಗಳು ಎಲ್ಲರೂ ಸೇರಿ ದಿನಕ್ಕೆ ಕನಿಷ್ಠ 466 ತಾಸು ದುಡಿಯುತ್ತಾರೆ, ಅದರ ಬೆಲೆ ವರ್ಷಕ್ಕೆ 34 ಲಕ್ಷ ಡಾಲರ್ ಎಂದು ಅದರ ಅಂದಾಜು. ಮೆಚ್ಚುವ ಕೆಲಸವೇ. ಆದರೆ ‘ಕನಿಷ್ಠ’ ಎಂಬ ಮಾತನ್ನು ಉಲ್ಲೇಖಿಸುವವರು ನುಂಗಿಬಿಡುತ್ತಾರೆ. ದಾಖಲೆಯಲ್ಲಿ ಉಳಿಯುವುದು ಗುಂಡಿ ಒತ್ತಿದ್ದು. ಒತ್ತದೆ ಬಿಟ್ಟದ್ದು?

ಕನ್ನಡದ ಗುಂಪೊಂದರಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬ ಇಂಗ್ಲಿಷ್ ಅಕ್ಷರದಲ್ಲಿ ‘ಮೀಸಲಾತಿ ಗಿರಾಕಿಗಳು ಬಂದ್ರು ನೋಡಿ’ ಎಂದು ಬರೆಯುತ್ತಾನೆ. ಒಂದೂ ಬೈಗುಳವಿಲ್ಲ, ಯಂತ್ರ ಬಿಟ್ಟುಬಿಡುತ್ತದೆ. ಅಡ್ಮಿನ್ ಅವನ ಹಳೆಯ ಮಾತುಗಳನ್ನೆಲ್ಲ ಓದಬೇಕು, ಯಾರಿಗೆ ಹೇಳಿದ್ದೆಂದು ತಿಳಿಯಬೇಕು, ನೊಂದವರಿಗೆ ಖಾಸಗಿಯಾಗಿ ನಾಲ್ಕು ಮಾತಾಡಬೇಕು. ತೆಗೆದರೆ ‘ನೀನೂ ಅವರ ಪೈಕಿಯೇ’ ಎಂಬ ಜಗಳ ಬೆಳಗಿನವರೆಗೆ. ದಾಖಲೆಯಲ್ಲಿ ಉಳಿಯುವುದು ಒಂದೇ ಸಾಲು: ಪೋಸ್ಟ್ ಅಳಿಸಲಾಗಿದೆ. ಕನ್ನಡದ ಈ ದುಡಿಮೆಗೆ ತಾಸಿನ ಲೆಕ್ಕ ಹಾಕಿದ ಅಧ್ಯಯನ ನನ್ನ ಕಣ್ಣಿಗೆ ಬಿದ್ದಿಲ್ಲ.

ಮತ್ತೆ ಆ ಮುಷ್ಕರಕ್ಕೆ ಬರೋಣ. 2023ರ ಜೂನಿನಲ್ಲಿ ಹೊರಗಿನ ಆ್ಯಪ್‌ಗಳಿಗೆ ರೆಡಿಟ್ ಹಾಕಿದ ಎಪಿಐ ಶುಲ್ಕ ವಿರೋಧಿಸಿ ಸಾವಿರಾರು ಗುಂಪುಗಳು ಬಾಗಿಲು ಹಾಕಿದಾಗ, ತೆರೆಯದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ರೆಡಿಟ್ ಎಚ್ಚರಿಸಿತು. ಕೂಲಿ ಕೊಡುವಾಗ ಸ್ವಯಂಸೇವಕ, ಆಜ್ಞೆ ಕೊಡುವಾಗ ನೌಕರ. ಮರುವರ್ಷ ಮಾರ್ಚಿನಲ್ಲಿ ಷೇರು ಪೇಟೆಗೆ ಬಂದಾಗ ಆಯ್ದ ಬಳಕೆದಾರರಿಗೂ ಮಾಡರೇಟರುಗಳಿಗೂ ಒಂದಿಷ್ಟು ಷೇರು ಕಾದಿರಿಸಿತು. ಕೊಡುಗೆಯಾಗಿ ಅಲ್ಲ; ಷೇರಿಗೆ 34 ಡಾಲರ್ ಕೊಟ್ಟೇ ಕೊಳ್ಳಬೇಕಿತ್ತು. ಅದೂ ಅಮೆರಿಕದಲ್ಲಿ ವಾಸಿಸುವವರಿಗೆ ಮಾತ್ರ.