ಅಂಗಡಿಗೊಂದು ಸ್ವಂತ ವಿಕಿ: ಹಳೇ ಕಂಪ್ಯೂಟರಿನಲ್ಲಿ ಕಂಟೇನರ್ ಹಾಕಿ ನಡೆಸುವ ಬಗೆ

ಕಲಬುರಗಿ: ಯಾವ ಮೋಟರಿಗೆ ಯಾವ ಕೆಪಾಸಿಟರ್ ಕೂಡ್ತದೆ, ಯಾವ ಡೀಲರ್ ಎಷ್ಟು ದಿನಕ್ಕೆ ಮಾಲು ಕಳಿಸ್ತಾನೆ, ಗ್ಯಾರಂಟಿ ಸಾಮಾನು ವಾಪಸ್ ತಗೋಬೇಕಾದರೆ ಯಾವ ಕಾಗದ ಬೇಕು? ಆಳಂದ, ಅಫಜಲಪುರ, ಜೇವರ್ಗಿಯ ಎಷ್ಟೋ ಅಂಗಡಿಗಳಲ್ಲಿ ಇವೆಲ್ಲ ಒಬ್ಬ ಹಳೇ ಕೆಲಸಗಾರನ ತಲೆಯಲ್ಲಿ ಇರ್ತವೆ. ಇಲ್ಲಾಂದ್ರೆ ವಾಟ್ಸಾಪ್ ಗ್ರೂಪಿನ ಹಳೇ ಮೆಸೇಜಿನಲ್ಲಿ ಹೂತು ಹೋಗಿರ್ತವೆ. ಆ ಮನುಷ್ಯ ಕೆಲಸ ಬಿಟ್ಟ ದಿನ, ಇಲ್ಲವೇ ಆ ಫೋನ್ ಒಡೆದ ದಿನ, ಅಂಗಡಿಯ ಅರ್ಧ ತಿಳಿವಳಿಕೆಯೂ ಹೋದಂತೆಯೇ.

ಇದಕ್ಕೆ ಖರ್ಚಿಲ್ಲದ ಒಂದು ದಾರಿ ಸ್ವಂತ ವಿಕಿ. ಮೂಲೆಯಲ್ಲಿ ಬಿದ್ದಿರುವ ಹಳೇ ಕಂಪ್ಯೂಟರ್ ಇದ್ದರೂ ನಡೀತದೆ. ಹಾಕುವುದು ಒಂದೆರಡು ತಾಸಿನ ಕೆಲಸ. ಆದರೆ ಬರೆದಿದ್ದು ಕಳೆಯದಂತೆ ಇಡುವುದು ಹೇಗೆ ಅನ್ನೋದನ್ನು ಮೊದಲ ದಿನವೇ ತೀರ್ಮಾನ ಮಾಡಬೇಕು.

ವಿಕಿ ಅಂದರೇನು?

ಬ್ರೌಸರಿನಲ್ಲೇ ಓದಿ, ಬ್ರೌಸರಿನಲ್ಲೇ ತಿದ್ದಬಹುದಾದ ಪುಟಗಳ ಗುಂಪಿಗೆ ವಿಕಿ ಅಂತಾರೆ. ಹವಾಯಿ ಭಾಷೆಯಲ್ಲಿ ಈ ಪದಕ್ಕೆ 'ಜಲ್ದಿ' ಅಂತ ಅರ್ಥ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ಶುರು ಮಾಡಿದರು. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು.

ವಿಕಿಯಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನೋದು ದಾಖಲಾಗಿ ಉಳಿಯುತ್ತದೆ. ತಪ್ಪಾಗಿ ಅಳಿಸಿದರೂ ಹಳೇ ಆವೃತ್ತಿಯನ್ನು ವಾಪಸ್ ತರಬಹುದು. ವಾಟ್ಸಾಪ್ ಗ್ರೂಪಿಗೂ ವಿಕಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. 2014ರಲ್ಲಿ ಗುಲ್ಬರ್ಗ ಕಲಬುರಗಿ ಆಯಿತು, ಜೇವರ್ಗಿಯಿಂದ ಬೇರೆಯಾಗಿ ಯಡ್ರಾಮಿ ತಾಲೂಕಾಯಿತು. ಇಂಥ ಬದಲಾವಣೆ ಬಂದಾಗ ವಿಳಾಸದ ಪುಟವನ್ನು ಒಂದು ಕಡೆ ತಿದ್ದಿದರೆ ಸಾಕು, ಹಳೇದೂ ಹಿಂದೆ ಉಳಿದಿರ್ತದೆ.

ಕಂಟೇನರ್ ಯಾಕೆ?

ಒಂದು ಸಾಫ್ಟ್‌ವೇರ್ ನಡೆಯಲು ಅದರ ಹಿಂದೆ ಹತ್ತಾರು ಬೇರೆ ಸಾಫ್ಟ್‌ವೇರ್ ಬೇಕಾಗ್ತವೆ. ಅವೆಲ್ಲವನ್ನೂ ಸೇರಿಸಿ ಕಟ್ಟಿದ ಗಂಟಿಗೆ ಇಮೇಜ್ ಅಂತಾರೆ. ಆ ಇಮೇಜನ್ನು ಚಾಲೂ ಮಾಡಿದಾಗ ಅದು ಕಂಟೇನರ್. 2013ರಲ್ಲಿ ಬಂದ ಡಾಕರ್ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ.

ನೆನಪಿಡಬೇಕಾದ್ದು ಒಂದೇ. ಕಂಟೇನರ್ ಅಂದರೆ ಗೋಣಿಚೀಲ, ಒಳಗಿನ ಬರಹ ತೊಗರಿ. ಚೀಲ ಹರಿದರೆ ಬೇರೆ ಚೀಲ ತರಬಹುದು, ತೊಗರಿ ಚೆಲ್ಲಿದರೆ ಚೆಲ್ಲಿತು. ಕಂಟೇನರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಏನೂ ಹೋಗಲ್ಲ. ಆದರೆ ಕಂಟೇನರನ್ನು ಅಳಿಸಿದರೆ ಅದರೊಳಗೇ ಬರೆದಿದ್ದೆಲ್ಲ ಅದರ ಜೊತೆಗೇ ಹೋಗ್ತದೆ. ಹೊಸ ಆವೃತ್ತಿ ಹಾಕುವಾಗ ಹಳೇ ಕಂಟೇನರನ್ನು ಅಳಿಸಲೇಬೇಕು. ಅದಕ್ಕೇ ಬರಹವನ್ನು ಕಂಟೇನರಿನ ಹೊರಗೆ, ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇಡಬೇಕು.

ಯಾವ ವಿಕಿ ಆರಿಸಬೇಕು?

• ಮೀಡಿಯಾವಿಕಿ: ವಿಕಿಪೀಡಿಯ ನಡೆಯುವುದು ಇದರ ಮೇಲೆ. ಬಟನ್, ಮೆನುಗಳು ಕನ್ನಡದಲ್ಲೇ ಸಿಗ್ತವೆ. ಇದನ್ನು ಸಾಮಾನ್ಯವಾಗಿ ಮರಿಯಾಡಿಬಿ ಥರದ ಡೇಟಾಬೇಸ್ ಜೊತೆ ನಡೆಸುತ್ತಾರೆ, ಅಂದರೆ ಎರಡು ಕಂಟೇನರ್. ಬ್ಯಾಕಪ್ ಕೆಲಸವೂ ಹೆಚ್ಚು.

• ಬುಕ್‌ಸ್ಟ್ಯಾಕ್: ಕಪಾಟು, ಪುಸ್ತಕ, ಅಧ್ಯಾಯ, ಪುಟ ಅಂತ ಜೋಡಣೆ. ನೋಡಲು ಚಂದ. ಇದಕ್ಕೂ ಡೇಟಾಬೇಸ್ ಬೇಕು.

• ಡೋಕುವಿಕಿ: ಜರ್ಮನಿಯ ಆಂಡ್ರಿಯಾಸ್ ಗೋರ್ 2004ರಲ್ಲಿ ಹೊರತಂದದ್ದು. ಡೇಟಾಬೇಸ್ ಬೇಡ. ಪ್ರತಿ ಪುಟವೂ ಒಂದು ಸಾದಾ ಟೆಕ್ಸ್ಟ್ ಫೈಲ್.

ಮೂರೂ ಉಚಿತ, ಮೂರೂ ಮುಕ್ತ ತಂತ್ರಾಂಶ. ಶಾಲೆ, ಗ್ರಂಥಾಲಯದಂಥ ಕಡೆ ಹತ್ತಾರು ಮಂದಿ ಕನ್ನಡ ಮೆನುವಿನಲ್ಲೇ ಬರೆಯುವುದಿದ್ದರೆ ಮೀಡಿಯಾವಿಕಿ ಒಳ್ಳೇದು. ನಾಲ್ಕೈದು ಜನರ ಅಂಗಡಿಗೆ ಡೋಕುವಿಕಿ ಸಾಕು. ಫೋಲ್ಡರ್ ನಕಲು ಮಾಡಿದರೆ ಬ್ಯಾಕಪ್ ಆಯಿತು. ನಾಳೆ ವಿಕಿಯೇ ಕೆಟ್ಟರೂ ಯಾವ ಕಂಪ್ಯೂಟರಿನಲ್ಲಾದರೂ ಆ ಫೈಲುಗಳನ್ನು ತೆರೆದು ಓದಬಹುದು. ಹಾಗಾಗಿ ಮುಂದಿನ ವಿವರ ಡೋಕುವಿಕಿಯದು.

ಏನೇನು ಬೇಕು?

64 ಬಿಟ್ ಕಂಪ್ಯೂಟರ್, 4 ಜಿಬಿ ರ್‍ಯಾಮ್ ಇದ್ದರೆ ಧಾರಾಳ. ಅದಕ್ಕೆ ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಹಾಕಿಕೊಂಡರೆ ಒಳ್ಳೇದು. ವಿಂಡೋಸ್ ಮೇಲೂ ಡಾಕರ್ ಡೆಸ್ಕ್‌ಟಾಪ್ ಮೂಲಕ ನಡೀತದೆ, ಆದರೆ ಹಳೇ ಕಂಪ್ಯೂಟರಿಗೆ ಅದು ಭಾರ. ಜೊತೆಗೆ ಅಂಗಡಿಯ ವೈಫೈ ರೂಟರ್, ಒಂದು ಸಣ್ಣ ಯುಪಿಎಸ್, ಎರಡು ಪೆನ್‌ಡ್ರೈವ್. ಇಮೇಜ್ ಇಳಿಸಿಕೊಳ್ಳುವಾಗ ಮಾತ್ರ ಇಂಟರ್ನೆಟ್ ಬೇಕು. ಆಮೇಲೆ ನೆಟ್ ಹೋದರೂ ಅಂಗಡಿಯೊಳಗೆ ವಿಕಿ ನಡೀತದೆ.

ಹಾಕುವ ಕ್ರಮ

1. ಡಾಕರ್ ಹಾಕಬೇಕು. ಅದರ ಅಧಿಕೃತ ಕೈಪಿಡಿಯಲ್ಲಿ ಉಬುಂಟು, ಡೆಬಿಯನ್ನಿಗೆ ಬೇರೆ ಬೇರೆ ಹಂತ ಕೊಟ್ಟಿದ್ದಾರೆ.

2. ಹೋಮ್ ಫೋಲ್ಡರಿನಲ್ಲಿ 'ವಿಕಿ' ಅಂತ ಒಂದು ಫೋಲ್ಡರ್ ಮಾಡಬೇಕು. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಜಾಗ ಬೇಡ. ತೊಗರಿ ಇರೋದು ಇಲ್ಲೇ.

3. ಟರ್ಮಿನಲ್ ತೆರೆದು 'ಡಾಕರ್ ರನ್' ಕಮಾಂಡ್ ಕೊಡಬೇಕು. ಅದರಲ್ಲಿ ಇರಬೇಕಾದ ವಿವರ ಇವು:

• ಇಮೇಜಿನ ಹೆಸರು: ಡೋಕುವಿಕಿ ತಂಡದ ಅಧಿಕೃತ ಇಮೇಜ್, 'ಸ್ಟೇಬಲ್' ಅನ್ನುವ ಟ್ಯಾಗ್.
• ಪೋರ್ಟ್: 8080ರಿಂದ 8080ಕ್ಕೆ. ಎಡಗಡೆಯದು ಕಂಪ್ಯೂಟರಿನದು, ಬಲಗಡೆಯದು ಕಂಟೇನರಿನದು. ಬೇರೆ ಸಾಫ್ಟ್‌ವೇರ್ 8080 ಹಿಡಿದಿದ್ದರೆ ಎಡಗಡೆಯದನ್ನು ಮಾತ್ರ ಬದಲಿಸಬೇಕು.
• ವಾಲ್ಯೂಮ್: ಎಡಕ್ಕೆ 'ವಿಕಿ' ಫೋಲ್ಡರಿನ ಪೂರ್ತಿ ದಾರಿ, ಬಲಕ್ಕೆ ಕಂಟೇನರಿನೊಳಗಿನ 'ಸ್ಟೋರೇಜ್' ಫೋಲ್ಡರ್. ಪುಟ, ಫೋಟೊ, ಹಳೇ ಆವೃತ್ತಿ, ಬಳಕೆದಾರರ ಪಟ್ಟಿ ಎಲ್ಲ ಇಲ್ಲಿ ಬಂದು ಕೂಡ್ತವೆ. ಈ ಒಂದು ಸಾಲು ಬಿಟ್ಟರೆ ಉಳಿದಿದ್ದೆಲ್ಲ ವ್ಯರ್ಥ.
• ಬಳಕೆದಾರ: 1000, ಗುಂಪು: 1000. ಉಬುಂಟುವಿನಲ್ಲಿ ಮೊದಲು ಮಾಡಿದ ಖಾತೆಯ ಸಂಖ್ಯೆ ಸಾಮಾನ್ಯವಾಗಿ ಇದೇ.
• ರೀಸ್ಟಾರ್ಟ್: 'ಅನ್‌ಲೆಸ್ ಸ್ಟಾಪ್ಡ್'. ಕರೆಂಟ್ ಹೋಗಿ ಬಂದು ಕಂಪ್ಯೂಟರ್ ಚಾಲೂ ಆದಾಗ ವಿಕಿಯೂ ತಾನೇ ಏಳುತ್ತದೆ.
• ಸಮಯವಲಯ: ಏಷ್ಯಾ, ಕೋಲ್ಕತ್ತಾ. ಕೊಡದಿದ್ದರೆ ತಿದ್ದಿದ ವೇಳೆ ಐದೂವರೆ ತಾಸು ಹಿಂದೆ ತೋರಿಸುತ್ತದೆ.

4. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ 'ಲೋಕಲ್‌ಹೋಸ್ಟ್' ಬರೆದು, ಕೋಲನ್ ಹಾಕಿ 8080, ನಂತರ ಓರೆಗೆರೆ ಹಾಕಿ 'ಇನ್‌ಸ್ಟಾಲ್ ಡಾಟ್ ಪಿಎಚ್‌ಪಿ' ಬರೆದರೆ ಒಂದು ಫಾರ್ಮ್ ಬರ್ತದೆ. ವಿಕಿಯ ಹೆಸರು, ಮುಖ್ಯ ನಿರ್ವಾಹಕನ ಹೆಸರು, ಪಾಸ್‌ವರ್ಡ್ ತುಂಬಬೇಕು. ಯಾರಿಗೆ ಪ್ರವೇಶ ಅಂತ ಕೇಳಿದಾಗ 'ಕ್ಲೋಸ್ಡ್ ವಿಕಿ' ಆರಿಸಬೇಕು. ಹೊರಗಿನವರು ತಾವೇ ಖಾತೆ ಮಾಡಿಕೊಳ್ಳುವ ಆಯ್ಕೆ ತೆಗೆದು ಹಾಕಬೇಕು. ಅಂಗಡಿಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಕೊಡಬೇಕು. ಎಲ್ಲರಿಗೂ ಒಂದೇ ಖಾತೆ ಕೊಟ್ಟರೆ ಯಾರು ತಿದ್ದಿದರು ಅಂತ ಗೊತ್ತಾಗಲ್ಲ.

5. ರೂಟರಿನಲ್ಲಿ ಈ ಕಂಪ್ಯೂಟರಿಗೆ ಖಾಯಂ ಐಪಿ ವಿಳಾಸ ಕಟ್ಟಬೇಕು. ಉದಾಹರಣೆಗೆ 192.168.1.50. ಆಮೇಲೆ ಅಂಗಡಿಯ ವೈಫೈ ಹಿಡಿದ ಯಾವ ಫೋನಿನಲ್ಲಾದರೂ ಆ ವಿಳಾಸ, ಕೋಲನ್, 8080 ಹಾಕಿದರೆ ವಿಕಿ ತೆರೆಯುತ್ತದೆ.

6. ಕಂಪ್ಯೂಟರಿನ ಬಯೋಸ್ ಸೆಟ್ಟಿಂಗಿನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಬೇಕು. ಇಲ್ಲಾಂದ್ರೆ ಯಾರಾದರೂ ಬಟನ್ ಒತ್ತುವವರೆಗೆ ಕಾಯಬೇಕಾಗ್ತದೆ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ್ದು

ಡೋಕುವಿಕಿ ಪುಟದ ಹೆಸರನ್ನೇ ಫೈಲಿನ ಹೆಸರು ಮಾಡುತ್ತದೆ. ಕನ್ನಡದ ಒಂದೊಂದು ಚಿಹ್ನೆಯನ್ನೂ ಅದು ಇಂಗ್ಲಿಷಿನ 9 ಅಕ್ಷರ, ಅಂಕಿಗಳಾಗಿ ಬರೆದಿಡುತ್ತದೆ. 'ಜೇವರ್ಗಿ' ಅನ್ನುವುದರಲ್ಲಿ ಗುಣಿತ, ಒತ್ತು ಸೇರಿ 7 ಚಿಹ್ನೆ, ಅಂದರೆ 63 ಜಾಗ. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255ರ ಮಿತಿ ಇದೆ. ಹೀಗಾಗಿ ಸುಮಾರು 26 ಚಿಹ್ನೆ ದಾಟಿದರೆ ಪುಟ ಉಳಿಸುವಾಗ ಅಡ್ಡಿ ಬರ್ತದೆ. 'ಮೋಟರ್ ಪಂಪಿನ ಕೆಪಾಸಿಟರ್ ಬದಲಿಸುವ ವಿಧಾನ' ಅನ್ನುವ ಹೆಸರು ಹಿಡಿಸಲ್ಲ.

ನಿರ್ವಾಹಕನ ಸೆಟ್ಟಿಂಗ್ ಪುಟದಲ್ಲಿ ಫೈಲ್ ಹೆಸರಿನ ಎನ್‌ಕೋಡಿಂಗನ್ನು 'ಯುಟಿಎಫ್-8' ಮಾಡಿದರೆ ಒಂದು ಚಿಹ್ನೆಗೆ 3 ಜಾಗ ಸಾಕು. ಇದನ್ನು ಮೊದಲ ಪುಟ ಬರೆಯುವ ಮುಂಚೆಯೇ ಮಾಡಬೇಕು. ನಡುವೆ ಬದಲಿಸಿದರೆ ಹಳೇ ಕನ್ನಡ ಹೆಸರಿನ ಪುಟಗಳು ವಿಕಿಗೆ ಕಾಣಿಸಲ್ಲ.

ಇನ್ನೊಂದು ಮಾತು. ಡಿಟಿಪಿ ಅಂಗಡಿಯಲ್ಲಿ ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಂಗೇ ತಂದು ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿಯಲ್ಲೇ ಆ ಪರಿವರ್ತಕ ಸಿಗುತ್ತದೆ.

ಏನು ಬರೆಯಬೇಕು, ಏನು ಬೇಡ?

ಬರೆಯಬಹುದಾದ್ದು: ಡೀಲರುಗಳ ವಿವರ, ರಿಪೇರಿ ಕ್ರಮ, ಹೊಸ ಹುಡುಗನಿಗೆ ಕಲಿಸುವ ಕೆಲಸ, ಹಬ್ಬ–ಜಾತ್ರೆಯ ಸ್ಟಾಕ್ ಅನುಭವ. ದೇವಲ ಗಾಣಗಾಪುರದ ಅಂಗಡಿಗೆ ದತ್ತ ಜಯಂತಿಯ ವಾರ, ಬೀಜ–ಗೊಬ್ಬರದ ಅಂಗಡಿಗೆ ತೊಗರಿ ಬಿತ್ತನೆಯ ಜೂನ್, ಜುಲೈ. ಹೋದ ವರ್ಷ ಯಾವುದು ಎಷ್ಟು ಬೇಗ ಖಾಲಿಯಾಯಿತು ಅಂತ ಬರೆದಿಟ್ಟರೆ ಮುಂದಿನ ವರ್ಷ ಉಪಯೋಗಕ್ಕೆ ಬರ್ತದೆ.

ಬೇಡವಾದ್ದು: ಗಿರಾಕಿಗಳ ಆಧಾರ್ ನಂಬರ್, ಬ್ಯಾಂಕ್ ಖಾತೆ, ಒಟಿಪಿ, ಪಾಸ್‌ವರ್ಡ್. ಉದ್ರಿ ಲೆಕ್ಕಕ್ಕೂ ಇದು ಜಾಗವಲ್ಲ. ಡಿಜಿಟಲ್ ರೂಪದಲ್ಲಿರುವ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲೇ ಕೇಂದ್ರದ ಕಾಯ್ದೆ ಆಗಿದೆ.

ಹೊರಗಿನ ಇಂಟರ್ನೆಟ್ಟಿಗೆ ಬಾಗಿಲು ತೆರೆಯಬಾರದು. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವುದು ಬೇಡ. ಉಬುಂಟುವಿನ ಫೈರ್‌ವಾಲ್ ಇದೆಯಲ್ಲ ಅಂತ ನಂಬುವಂತಿಲ್ಲ, ಡಾಕರ್ ತೆರೆದ ಪೋರ್ಟು ಆ ಫೈರ್‌ವಾಲನ್ನು ದಾಟಿ ಹೋಗ್ತದೆ. ಮನೆಯಿಂದ ನೋಡಲೇಬೇಕಿದ್ದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿಕೊಳ್ಳಬೇಕು.

ಬ್ಯಾಕಪ್: ಅಸಲಿ ಕೆಲಸ ಇದೇ

ವಾರಕ್ಕೊಮ್ಮೆ ಕಂಟೇನರ್ ಬಂದ್ ಮಾಡಿ, 'ವಿಕಿ' ಫೋಲ್ಡರನ್ನು 'ಟಾರ್' ಕಡತವಾಗಿ ಕಟ್ಟಿ ಪೆನ್‌ಡ್ರೈವಿಗೆ ಹಾಕಬೇಕು. ಬಿಡಿ ಫೈಲುಗಳನ್ನೇ ನಕಲು ಮಾಡಿದರೆ, ಯಾರ ಫೈಲು, ಯಾರಿಗೆ ಅನುಮತಿ ಅನ್ನುವ ವಿವರ ಸಾಮಾನ್ಯ ಪೆನ್‌ಡ್ರೈವಿನಲ್ಲಿ ಉಳಿಯಲ್ಲ. ಒಂದು ಪೆನ್‌ಡ್ರೈವ್ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ. 2020ರ ಅಕ್ಟೋಬರಿನಲ್ಲಿ ಭೀಮಾ ನದಿಯ ನೀರು ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕಂಪ್ಯೂಟರೂ ಬ್ಯಾಕಪ್ಪೂ ಒಂದೇ ಟೇಬಲ್ ಮೇಲಿದ್ದರೆ ಎರಡೂ ಒಟ್ಟಿಗೇ ನೀರುಪಾಲು. ತುರ್ತು ಫೋನ್ ನಂಬರಿನ ಪುಟವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರೆ ಕರೆಂಟ್ ಇಲ್ಲದಾಗಲೂ ಕೈಗೆ ಸಿಗ್ತದೆ.

ಹೊಸ ಆವೃತ್ತಿ ಹಾಕುವಾಗಲೂ ಇದೇ ಕ್ರಮ: ಮೊದಲು ಬ್ಯಾಕಪ್, ನಂತರ ಹೊಸ ಇಮೇಜ್ ಇಳಿಸುವುದು, ಹಳೇ ಕಂಟೇನರ್ ಅಳಿಸುವುದು, ಅದೇ ಕಮಾಂಡ್ ಮತ್ತೆ ಕೊಡುವುದು. ಆ ಕಮಾಂಡನ್ನು ಕಾಗದದ ಮೇಲೆ ಬರೆದಿಡಬೇಕು. ವಿಕಿಯೊಳಗೇ ಬರೆದಿಟ್ಟರೆ ವಿಕಿ ಕೆಟ್ಟ ದಿನ ಅದು ಸಿಗಲ್ಲ.

ಸಾಮಾನ್ಯ ತೊಂದರೆಗಳು

• ಫೈಲ್ ಬರೆಯಲು ಅನುಮತಿ ಇಲ್ಲ ಅಂತ ಬಂದರೆ: 'ವಿಕಿ' ಫೋಲ್ಡರಿನ ಒಡೆತನ 1000ರ ಹೆಸರಿಗೆ ಇಲ್ಲ. ಅದನ್ನು ಬದಲಿಸಬೇಕು.
• ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಫೋನಿನಲ್ಲಿ ಇಲ್ಲ ಅಂದರೆ: ಫೋನ್ ಮೊಬೈಲ್ ಡೇಟಾ ಮೇಲಿರಬಹುದು, ಇಲ್ಲವೇ ಐಪಿ ವಿಳಾಸ ಬದಲಾಗಿರಬಹುದು.
• ಪುಟ ಲಾಕ್ ಆಗಿದೆ ಅಂದರೆ: ಬೇರೊಬ್ಬರು ತಿದ್ದುತ್ತಿದ್ದಾರೆ. ಅವರು ಅರ್ಧಕ್ಕೆ ಬಿಟ್ಟು ಹೋಗಿದ್ದರೆ 15 ನಿಮಿಷಕ್ಕೆ ಬೀಗ ತಾನೇ ಬಿಡುತ್ತದೆ.
• ಪಾಸ್‌ವರ್ಡ್ ಮರೆತರೆ: ಮೇಲ್ ವ್ಯವಸ್ಥೆ ಕೂಡಿಸದ ವಿಕಿಯಿಂದ ಮೇಲ್ ಹೋಗಲ್ಲ. ನಿರ್ವಾಹಕನೇ ಹೊಸದು ಕೊಡಬೇಕು.

ವಿಕಿ ಶುರುವಾದ ಮೊದಲ ತಿಂಗಳಲ್ಲೇ ಒಂದು ಪರೀಕ್ಷೆ ಮಾಡಿ ನೋಡಬೇಕು. ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಫೋಲ್ಡರ್ ಬಿಚ್ಚಿ, ಕಾಗದದಲ್ಲಿರುವ ಕಮಾಂಡ್ ಕೊಡಬೇಕು. ಪುಟಗಳೆಲ್ಲ ಹಿಂದಿದ್ದಂತೆ ತೆರೆದರೆ ಅದು ಖರೇ ಬ್ಯಾಕಪ್. ತೆರೆಯದಿದ್ದರೆ ಅದನ್ನು ಇವತ್ತೇ ಸರಿ ಮಾಡಬೇಕು, ಕಂಪ್ಯೂಟರ್ ಕೆಟ್ಟ ದಿನ ಮಾಡಲು ಆಗಲ್ಲ.