ಪೊರೆಯ ಶಸ್ತ್ರಚಿಕಿತ್ಸೆಯೂ ಕಾರ್ನಿಯಾದ ಕ್ಷೇಮವೂ: ಒಂದು ಐತಿಹಾಸಿಕ ವಿವೇಚನೆ

ಉದ್ಯಾವರದ ಹೆಸರು ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಆಳುಪರ ಶಾಸನಗಳಿಂದ ಪರಿಚಿತವಾದುದು. ವೈದ್ಯಶಾಸ್ತ್ರದ ಇತಿಹಾಸವನ್ನು ಅಭ್ಯಸಿಸುವವರಿಗೂ ಈ ಪ್ರದೇಶ ಗಮನಾರ್ಹವಾಗಿದೆ. ಊರಿಗೆ ಹೊಂದಿಕೊಂಡ ಕುತ್ಪಾಡಿಯಲ್ಲಿರುವ, 1958ರಲ್ಲಿ ಆರಂಭವಾದ ಆಯುರ್ವೇದ ಕಾಲೇಜಿನಲ್ಲಿ ಶಾಲಾಕ್ಯತಂತ್ರವು ಪಾಠದ ವಿಷಯ. ಅಲ್ಲಿಂದ ಉಡುಪಿಯನ್ನು ದಾಟಿ ಮಣಿಪಾಲದ ಗುಡ್ಡವನ್ನೇರಿದರೆ, 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸಿಕ್ಕುತ್ತದೆ. ಕಣ್ಣಿನ ಪೊರೆಯನ್ನು ಶಲಾಕೆಯಿಂದ ಕೆಳಕ್ಕೆ ತಳ್ಳುತ್ತಿದ್ದ ಕಾಲದ ಗ್ರಂಥವೂ, ಶ್ರವಣಾತೀತ ಕಂಪನದಿಂದ ಅದನ್ನು ಒಡೆದು ಹೀರುವ ಯಂತ್ರವೂ ಹೀಗೆ ಕೆಲವೇ ಮೈಲಿಗಳ ಅಂತರದಲ್ಲಿ ವಿದ್ಯಾರ್ಥಿಗಳ ಮುಂದಿವೆ. ಈ ಎರಡರ ನಡುವಣ ಕಥೆಯನ್ನು ಪೊರೆಗಟ್ಟಿದ ಮಸೂರದ ಕಡೆಯಿಂದ ಹೇಳುವುದು ರೂಢಿ. ನಾವು ಇಲ್ಲಿ ಅದನ್ನು ಕಾರ್ನಿಯಾದ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ, ಕಡೆಯಿಂದ ಪರಿಶೀಲಿಸುತ್ತೇವೆ. ಹಾಗೆ ನೋಡಿದಾಗ ಪದ್ಧತಿಗಳ ತಾರತಮ್ಯ ನಾವು ಎಣಿಸಿದಂತೆ ಉಳಿಯುವುದಿಲ್ಲ.

ಮೊದಲು ಪಟಲದ ರಚನೆಯನ್ನು ಕುರಿತು ಒಂದೆರಡು ಮಾತು ಅವಶ್ಯ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ, ಬಹುಮಟ್ಟಿಗೆ ಷಟ್ಕೋನಾಕೃತಿಯ ಜೀವಕೋಶಗಳ ಪದರವೊಂದುಂಟು. ಅದಕ್ಕೆ ಎಂಡೋಥೀಲಿಯಂ ಎಂದು ಹೆಸರು. ಕಣ್ಣಿನ ಒಳಗಿನ ಜಲರಸ ಪಟಲಕ್ಕೆ ಇಳಿಯುತ್ತಲೇ ಇರುತ್ತದೆ. ಅದನ್ನು ಹಗಲಿರುಳು ಹೊರಕ್ಕೆ ಹಾಕಿ ಪಟಲವನ್ನು ತಿಳಿಯಾಗಿ ಇಡುವುದು ಈ ಕೋಶಗಳ ಕೆಲಸ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2500 ಕೋಶಗಳಿರುತ್ತವೆ. ಸತ್ತ ಕೋಶದ ಸ್ಥಾನದಲ್ಲಿ ಹೊಸದು ಹುಟ್ಟುವುದಿಲ್ಲ. ನೆರೆಯ ಕೋಶಗಳು ಹಿಗ್ಗಿ ತೆರವನ್ನು ಮುಚ್ಚಿಕೊಳ್ಳುತ್ತವೆ. ಸಂಖ್ಯೆ 500ರ ಆಸುಪಾಸಿಗೆ ಇಳಿಯಿತೆಂದರೆ ಪಟಲ ನೀರು ತುಂಬಿ ಊದಿಕೊಂಡು ಮಬ್ಬಾಗುತ್ತದೆ, ಮೇಲ್ಮೈಯಲ್ಲಿ ನೋಯುವ ಗುಳ್ಳೆಗಳೇಳುತ್ತವೆ. ಪೊರೆ ತೆಗೆಸಿಕೊಂಡು ಕೆಲವು ವರ್ಷ ಚೆನ್ನಾಗಿ ಕಂಡ ರೋಗಿ ಮತ್ತೆ ಕುರುಡಿನ ಕಡೆಗೆ ಸರಿಯುವ ದಾರಿಗಳಲ್ಲಿ ಇದೊಂದು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ವಿವರಿಸಿದ ಲಿಂಗನಾಶದ ಚಿಕಿತ್ಸೆಯನ್ನು ಈ ದೃಷ್ಟಿಯಿಂದ ಓದಬೇಕು. ಶಲಾಕೆ ಎಂಟು ಅಂಗುಲ ಉದ್ದದ್ದು, ನಡುವೆ ನೂಲು ಸುತ್ತಿದ್ದು, ತುದಿ ಮೊಗ್ಗಿನಾಕಾರದ್ದು. ಅದನ್ನು ಚುಚ್ಚುವ ಸ್ಥಾನ ಕರಿಗುಡ್ಡೆಯಲ್ಲ. ಅದರಿಂದ ದೂರ ಸರಿದು, ಹೊರಗಣ್ಣಿನ ಕಡೆಗೆ, ರಕ್ತನಾಳಗಳನ್ನು ತಪ್ಪಿಸಿ ಬಿಳಿಗುಡ್ಡೆಯಲ್ಲಿ ಚುಚ್ಚಬೇಕು. ಎಡಗಣ್ಣನ್ನು ಬಲಗೈಯಿಂದಲೂ ಬಲಗಣ್ಣನ್ನು ಎಡಗೈಯಿಂದಲೂ ವೇಧಿಸಬೇಕು. ಆಮೇಲೆ ರೋಗಿ ಸೀನು, ಕೆಮ್ಮು, ತೇಗುಗಳನ್ನು ತಡೆದುಕೊಂಡಿರಬೇಕು. ಸುಶ್ರುತನು ಪೊರೆಯನ್ನು ಕಣ್ಣಿನಿಂದ ಹೊರಕ್ಕೆ ತೆಗೆದನೆಂದು ನಮ್ಮಲ್ಲಿ ಕೆಲವರು ಅಭಿಮಾನದಿಂದ ಬರೆದಿದ್ದಾರೆ. ಮೂಗಿನ ಒಂದು ಹೊಳ್ಳೆಯನ್ನು ಮುಚ್ಚಿ ಉಸಿರಿನ ರಭಸದಿಂದ ಕಫವನ್ನು ಹೊರಹಾಕಬೇಕೆಂಬ ವಾಕ್ಯವೇ ಅವರಿಗೆ ಆಧಾರ. ಇಡೀ ಸಂದರ್ಭವನ್ನು ನೋಡಿದರೆ ಮಸೂರವನ್ನು ದೃಷ್ಟಿಯ ದಾರಿಯಿಂದ ಸರಿಸುವ ಕ್ರಿಯೆಯೇ ಅಲ್ಲಿ ಉಕ್ತವಾಗಿದೆ ಎಂದು ನಾವು ಭಾವಿಸುತ್ತೇವೆ. ಇದರಿಂದ ಗ್ರಂಥದ ಹಿರಿಮೆಗೆ ಕುಂದಿಲ್ಲ. ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ, ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಶಾಲಾಕ್ಯವನ್ನು ಪ್ರಕಟಿಸಿದವನು ಪೂಜ್ಯಪಾದನೆಂದು ಸ್ಮರಿಸುತ್ತಾನೆ, ಈ ವಿದ್ಯೆ ನಮ್ಮ ಜೈನ ಆಚಾರ್ಯರ ಪರಂಪರೆಯಲ್ಲಿಯೂ ಪ್ರತಿಷ್ಠಿತವಾಗಿತ್ತು ಎಂಬುದಕ್ಕೆ ಅಷ್ಟು ಸಾಕು.

ಶಲಾಕೆಯ ಪದ್ಧತಿ ಕಾರ್ನಿಯಾವನ್ನು ಕೊಯ್ಯುತ್ತಿರಲಿಲ್ಲ. ಮಸೂರ ಹಿಂದಕ್ಕೆ ಬೀಳುತ್ತಿದ್ದುದರಿಂದ ಎಂಡೋಥೀಲಿಯಮ್ಮಿಗೆ ನೇರವಾದ ಘಾಸಿಯೂ ಕಡಿಮೆ. ಆದರೆ ಅದು ಕಣ್ಣಿಗೆ ಕ್ಷೇಮಕರವಾಗಿತ್ತೆಂದು ಇದರಿಂದ ಹೇಳಲಾಗದು. ಬಿದ್ದ ಮಸೂರ ಒಳಗೇ ಉಳಿದು, ಉರಿಯೂತವನ್ನೂ ಒತ್ತಡದ ಏರಿಕೆಯನ್ನೂ ತರುತ್ತಿತ್ತು. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ, 1819ರಲ್ಲಿ ಸ್ಥಾಪಿತವಾದ ಮದರಾಸಿನ ಕಣ್ಣಾಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬಾತನು ಹೀಗೆ ಕೆಟ್ಟ ಕಣ್ಣುಗಳನ್ನು ಸಂಗ್ರಹಿಸಿ, ಕತ್ತರಿಸಿ, ಪರೀಕ್ಷಿಸಿ ಒಂದು ಗ್ರಂಥವನ್ನೇ ಬರೆದನು. ಊರೂರು ತಿರುಗುವ ಸೂಜಿವೈದ್ಯನು ಕಣ್ಣು ಕಂಡ ದಿನ ಸಂಭಾವನೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದನು. ಕಣ್ಣು ಕೆಟ್ಟಾಗ ಅವನು ಅಲ್ಲಿ ಇರುತ್ತಿರಲಿಲ್ಲ. ಆ ಪದ್ಧತಿ ಬಹುಕಾಲ ಬಾಳಿದುದಕ್ಕೆ ಇದೂ ಒಂದು ಕಾರಣ.

ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಪೊರೆಯನ್ನು ಹೊರಕ್ಕೆ ತೆಗೆಯುವ ಕ್ರಮವನ್ನು ಆರಂಭಿಸಿದಾಗ ಅವನ ಆಯುಧ ಹೊಕ್ಕುದು ಕಾರ್ನಿಯಾದ ಕೆಳಭಾಗದಲ್ಲಿಯೇ. ಕಾರ್ನಿಯಾದ ಕಷ್ಟಗಳು ಇಲ್ಲಿಂದ ಮೊದಲಾಗುತ್ತವೆ. ಹೊಲಿಗೆಯಿಲ್ಲದ ದೊಡ್ಡ ಗಾಯ ಬಾಯ್ದೆರೆಯುವುದು, ಕೀವಾಗುವುದು, ಕಲೆ ಉಳಿಯುವುದು ಸಾಮಾನ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಫಾನ್ ಗ್ರೇಫೆ ಕಿರಿದಾದ ಅಲಗಿನ ಚಾಕುವಿನಿಂದ ಕೊಯ್ತವನ್ನು ಮೇಲಕ್ಕೆ, ಕರಿಗುಡ್ಡೆ ಬಿಳಿಗುಡ್ಡೆಗಳು ಕೂಡುವ ಅಂಚಿಗೆ ಒಯ್ದನು. ನಮ್ಮ ದೇಶದಲ್ಲಿ ಜಲಂಧರದ ಹೆನ್ರಿ ಸ್ಮಿತ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಸೂರವನ್ನು ಅದರ ಚೀಲಸಮೇತ ಹೊರಡಿಸುವ ಕ್ರಮವನ್ನು ಸಾವಿರಾರು ಕಣ್ಣುಗಳ ಮೇಲೆ ನಡೆಸಿದನು. ಅವನು ಮಸೂರವನ್ನು ಹೊರದೂಡುತ್ತಿದ್ದುದು ಕಾರ್ನಿಯಾದ ಮೇಲೆ ಕೊಕ್ಕೆಯನ್ನು ಒತ್ತಿ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಪಟಲ ಬಾಗಿ ಮಡಿಕೆ ಬಿದ್ದರೂ ಮರುವಾರ ತಿಳಿಯಾದರೆ ಸಾಕೆಂಬುದು ಅಂದಿನ ಅಳತೆ. ಒಳಗೆ ಎಷ್ಟು ಕೋಶಗಳು ಅಳಿದವೆಂದು ಎಣಿಸುವ ಸಾಧನ ಯಾರಲ್ಲಿಯೂ ಇರಲಿಲ್ಲ.

ಚೀಲಸಮೇತ ತೆಗೆಯುವ ಈ ಕ್ರಮವೇ, ಮುಂದೆ ಚಿಮಟ, ಅತಿಶೀತ ಸಲಾಕೆ ಮೊದಲಾದ ಸುಧಾರಣೆಗಳೊಡನೆ, ಕರ್ನಾಟಕದಲ್ಲಿ ಒಂದು ತಲೆಮಾರಿನ ಪದ್ಧತಿಯಾಯಿತು. 1896ರಲ್ಲಿ ಆರಂಭಗೊಂಡ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಮೈಸೂರು ಸೀಮೆಗೆ ಆಧಾರವಾಗಿತ್ತು. ಆದರೆ ಆಸ್ಪತ್ರೆಯ ಬಾಗಿಲಿಗೆ ಬರಲಾರದವರ ಬಳಿಗೆ ಶಸ್ತ್ರವನ್ನು ಒಯ್ದವರೆಂದರೆ ಬೀಳಗಿಯ ಡಾ. ಎಂ.ಸಿ. ಮೋದಿಯವರು (1916–2005). ಶಾಲೆ, ಛತ್ರಗಳಲ್ಲಿ ನಡೆದ ಅಂಥ ಸಾಮೂಹಿಕ ಶಿಬಿರಗಳಲ್ಲಿ ಒಂದೇ ದಿನ ನೂರಾರು ಕಣ್ಣುಗಳಿಗೆ ಶಸ್ತ್ರಚಿಕಿತ್ಸೆಯಾಗುತ್ತಿತ್ತು. ಇಂದಿನ ಮಾನದಂಡದಿಂದ ಆ ಶಿಬಿರಗಳನ್ನು ಅಳೆದು ಹಗುರವಾಗಿ ಮಾತಾಡುವುದು ನಮಗೆ ಸರಿದೋರುವುದಿಲ್ಲ. ದಪ್ಪ ಕನ್ನಡಕ ಹಾಕಿಕೊಂಡಾದರೂ ತಮ್ಮ ಗದ್ದೆಗೆ ತಾವೇ ನಡೆದುಹೋದವರ ಸಂಖ್ಯೆ ಸಣ್ಣದಲ್ಲ. ಅಂತೂ ಆ ಪದ್ಧತಿಯ ದೋಷ ಕಾರ್ನಿಯಾದಲ್ಲಿ ತೋರುತ್ತಿದ್ದುದು ನಿಜ. ಕೊಯ್ತ ಅರ್ಧವೃತ್ತದಷ್ಟು ಅಗಲ. ಚೀಲವೂ ಹೊರಟುಹೋದುದರಿಂದ ಹಿಂದಿನ ಕಾಚರಸವನ್ನು ತಡೆಯುವ ಗೋಡೆಯಿಲ್ಲ. ಆ ರಸ ಮುಂದೆ ಬಂದು ಎಂಡೋಥೀಲಿಯಮ್ಮಿಗೆ ತಾಗಿಕೊಂಡರೆ ಪಟಲ ಕ್ರಮೇಣ ಊದತೊಡಗುತ್ತಿತ್ತು.

ಕೋಶಗಳ ಎಣಿಕೆ ವೈದ್ಯರ ಕೈಗೆ ಬಂದುದು ಕೃತಕ ಮಸೂರದ ದೆಸೆಯಿಂದ ಎಂದರೆ ತಪ್ಪಾಗದು. ಲಂಡನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಕೃತಕ ಮಸೂರವನ್ನಿಟ್ಟನು. ಮುಂದಿನ ದಶಕದಲ್ಲಿ ಪಾಪೆಯ ಮುಂದೆ ಕೂರಿಸಿದ ಮಸೂರಗಳು ಅನೇಕರ ಕಾರ್ನಿಯಾವನ್ನು ಹಾಳುಮಾಡಿದವು. ಡೇವಿಡ್ ಮಾರಿಸ್ 1968ರಲ್ಲಿ ರೂಪಿಸಿದ ಸ್ಪೆಕ್ಯುಲರ್ ಸೂಕ್ಷ್ಮದರ್ಶಕ 1970ರ ದಶಕದ ನಡುವಿನಲ್ಲಿ ರೋಗಿಯ ಕಣ್ಣಿಗೇ ಬಳಸಲು ಯೋಗ್ಯವಾದಾಗ, ಕಾರಣ ಬಯಲಾಯಿತು. 1976ರಲ್ಲಿ ಕಾಫ್‌ಮನ್ ಮತ್ತು ಕಾಟ್ಸ್ ತೋರಿಸಿದಂತೆ, ಒಳಗಿಡುವಾಗ ಮಸೂರದ ಪ್ಲಾಸ್ಟಿಕ್ ಕ್ಷಣಮಾತ್ರ ಎಂಡೋಥೀಲಿಯಮ್ಮನ್ನು ಸೋಕಿದರೂ ಕೋಶಗಳು ಅದಕ್ಕೆ ಅಂಟಿ ಕಿತ್ತುಬರುತ್ತಿದ್ದವು. ಪರಿಹಾರವಾಗಿ ಬಂದುದು ಹುಂಜದ ಜುಟ್ಟಿನಿಂದ ತೆಗೆದ ಹಯಲುರೊನೇಟ್ ಎಂಬ ಲೋಳೆ. 1980ರ ಸುಮಾರಿನಿಂದ ಅದನ್ನು ಕಣ್ಣಿನೊಳಗೆ ತುಂಬಿ ಕೋಶಗಳಿಗೆ ಮರೆಯೊಡ್ಡುವುದು ರೂಢಿಯಾಯಿತು. ನಮ್ಮ ದೇಶದಲ್ಲಿ ಅಗ್ಗವಾದ ಮೀಥೈಲ್ ಸೆಲ್ಯುಲೋಸಿನ ದ್ರಾವಣ ಬಹುಮಟ್ಟಿಗೆ ಆ ಕೆಲಸವನ್ನು ನಿರ್ವಹಿಸಿದೆ. ಕಾರ್ನಿಯಾದ ಪಾಲಿಗೆ, ಯಾವ ಹೊಸ ಶಸ್ತ್ರಕ್ಕಿಂತಲೂ ಈ ಲೋಳೆಯೇ ದೊಡ್ಡ ಉಪಕಾರವೆಂದು ನಮ್ಮ ಅಭಿಪ್ರಾಯ.

ಚೀಲದ ಹಿಂಭಾಗವನ್ನು ಉಳಿಸಿ ತಿರುಳನ್ನು ಮಾತ್ರ ತೆಗೆಯುವ ಹಳೆಯ ಕ್ರಮ, ಸೂಕ್ಷ್ಮದರ್ಶಕದ ನೆರವಿನಿಂದ ಹೊಸ ರೂಪದಲ್ಲಿ ಮರಳಿತು. ಅದರಿಂದ ಎರಡು ಶಾಖೆಗಳು ಒಡೆದವು. ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಆರಂಭಿಸಿದ ಫೇಕೋ ಪದ್ಧತಿಯಲ್ಲಿ ಶ್ರವಣಾತೀತ ಕಂಪನದ ಸೂಜಿ ತಿರುಳನ್ನು ಒಡೆದು ಹೀರುತ್ತದೆ. ಗಾಯ ಸುಮಾರು ಮೂರು ಮಿಲಿಮೀಟರು, ಅಥವಾ ಇನ್ನೂ ಕಡಿಮೆ. ಮೊದಮೊದಲು ಈ ಒಡೆತ ಕಾರ್ನಿಯಾದ ಬೆನ್ನಿಗೇ ನಡೆದು ಹೆಚ್ಚಿನ ಹಾನಿಯಾಯಿತು. ಬಳಿಕ ಕೆಲಸವನ್ನು ಚೀಲದ ಒಳಕ್ಕೆ ಸರಿಸಿದರು. ಇನ್ನೊಂದು ಶಾಖೆ ನಮ್ಮಲ್ಲಿಯೂ ನೇಪಾಳದಲ್ಲಿಯೂ ಬಹಳವಾಗಿ ಬೆಳೆದ ಕೈಗಾರಿಕೆಯ ಕಿರುಗಾಯ ಪದ್ಧತಿ. ಇದರಲ್ಲಿ ಬಿಳಿಗುಡ್ಡೆಯಿಂದ ಓರೆಯಾಗಿ ಒಂದು ಸುರಂಗ ಕೊರೆದು, ತಿರುಳನ್ನು ಇಡಿಯಾಗಿ ಹೊರತಂದು, ಹೊಲಿಗೆಯಿಲ್ಲದೆ ಬಿಡುತ್ತಾರೆ. ಪ್ರವೇಶ ಮತ್ತೆ ಬಿಳಿಗುಡ್ಡೆಗೆ ಮರಳಿದುದು ಒಂದು ವಿನೋದ. ಆದರೆ ಸುಶ್ರುತನ ಶಲಾಕೆಗೂ ಇದಕ್ಕೂ ಸಂಬಂಧ ಕಲ್ಪಿಸಬಾರದು, ತಿರುಳು ಇಲ್ಲಿ ಎಂಡೋಥೀಲಿಯಮ್ಮಿನ ಪಕ್ಕದಿಂದಲೇ ಹಾದು ಬರಬೇಕು.

ಯಂತ್ರ ಹೊಸದು, ಬೆಲೆಯುಳ್ಳದ್ದು. ಆದುದರಿಂದ ಕಾರ್ನಿಯಾಕ್ಕೆ ಅದೇ ಹಿತವೆಂದು ಜನ ನಂಬುವುದು ಸಹಜ. ಅಳತೆ ಹಾಗೆ ಹೇಳುವುದಿಲ್ಲ. 2005ರಲ್ಲಿ ಚೆನ್ನೈಯಿಂದ ಪ್ರಕಟವಾದ ಹೋಲಿಕೆಯಲ್ಲಿ ಆರು ವಾರಗಳ ಅನಂತರ ಕೋಶನಷ್ಟ ದೊಡ್ಡ ಗಾಯದ ಕ್ರಮದಲ್ಲಿ ಶೇಕಡಾ 4.72, ಕಿರುಗಾಯದಲ್ಲಿ 4.21, ಫೇಕೋದಲ್ಲಿ 5.41, ಚಿಕಿತ್ಸೆಯ ದೃಷ್ಟಿಯಿಂದ ಇದು ವ್ಯತ್ಯಾಸವೇ ಅಲ್ಲ. 2004ರಲ್ಲಿ ಇಂಗ್ಲೆಂಡಿನಿಂದ ಬಂದ ವರದಿಯೊಂದು ಫೇಕೋವನ್ನೂ ದೊಡ್ಡ ಗಾಯದ ಕ್ರಮವನ್ನೂ ಹೋಲಿಸಿ, ಒಟ್ಟಾರೆ ನಷ್ಟ ಸಮಾನವೆಂದೂ, ಗಟ್ಟಿ ತಿರುಳಿನ ಕಣ್ಣುಗಳಲ್ಲಿ ಮಾತ್ರ ಫೇಕೋ ಹೆಚ್ಚು ಕೋಶಗಳನ್ನು ಬಲಿತೆಗೆದುಕೊಂಡಿತೆಂದೂ ತಿಳಿಸಿತು. ಗಟ್ಟಿ ತಿರುಳನ್ನು ಒಡೆಯಲು ಹೆಚ್ಚು ಹೊತ್ತು, ಹೆಚ್ಚು ಶಕ್ತಿ ಬೇಕು. ಬಿಸಿಯೂ ಚೂರುಗಳ ತಾಗಾಟವೂ ಅದಕ್ಕೆ ತಕ್ಕಂತೆ ಏರುತ್ತವೆ. ನಷ್ಟ ಆ ದಿನಕ್ಕೆ ನಿಲ್ಲುವುದೂ ಇಲ್ಲ. ಆರೋಗ್ಯವಂತ ಕಣ್ಣಿನಲ್ಲಿ ವರ್ಷಕ್ಕೆ ಶೇಕಡಾ 0.6ರಷ್ಟು ಕೋಶಗಳು ಸಹಜವಾಗಿ ಅಳಿದರೆ, ಶಸ್ತ್ರಚಿಕಿತ್ಸೆಯಾದ ಕಣ್ಣುಗಳಲ್ಲಿ ಹತ್ತು ವರ್ಷಗಳವರೆಗೆ ವರ್ಷಕ್ಕೆ ಶೇಕಡಾ 2.5ರಂತೆ ಅಳಿದುದನ್ನು ಅಮೆರಿಕದ ಬೋರ್ನ್ ಮತ್ತು ಸಂಗಡಿಗರು 1994ರಲ್ಲಿ ದಾಖಲಿಸಿದ್ದಾರೆ.

ಪೊರೆ ಪೂರ್ತಿ ಹಣ್ಣಾದ ಮೇಲೆ ತೆಗೆಸಬೇಕೆಂಬ ಹಳೆಯ ಮಾತು ಚೀಲಸಮೇತ ತೆಗೆಯುವ ಕಾಲಕ್ಕೆ ಹೊಂದುತ್ತಿತ್ತು. ಅದನ್ನೇ ಇಂದೂ ಹಿಡಿದು, ಮಳೆಗಾಲ ಕಳೆಯಲಿ, ಮಗಳ ಮದುವೆ ಮುಗಿಯಲಿ ಎಂದು ಮುಂದೂಡುತ್ತ ತಡವಾಗಿ ಬರುವವರ ತಿರುಳು ಕಂದುಗಟ್ಟಿ ಗಡುಸಾಗಿರುತ್ತದೆ. ಅಂಥ ಕಣ್ಣಿಗೆ ಯಂತ್ರವಿಲ್ಲದ ಕಿರುಗಾಯ ಪದ್ಧತಿಯನ್ನು ವೈದ್ಯನು ಆರಿಸಿದರೆ, ಅದು ಬಡವರಿಗಾಗಿ ಇಟ್ಟ ಎರಡನೆಯ ದರ್ಜೆಯ ಚಿಕಿತ್ಸೆಯಲ್ಲ. ಕಾರ್ನಿಯಾದ ಲೆಕ್ಕದಲ್ಲಿ ಅದೇ ಉಚಿತವಾಗಿರಬಹುದು. ಸ್ಪೆಕ್ಯುಲರ್ ಸೂಕ್ಷ್ಮದರ್ಶಕ ಇಲ್ಲದೆಡೆಯಲ್ಲಿಯೂ ಶಸ್ತ್ರಕ್ಕೆ ಮುನ್ನ ಸೀಳುದೀಪದ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ, ಮೊದಲೇ ಬಡವಾದ ಪದರದ ಮೇಲಿನ ಸಣ್ಣ ಕಪ್ಪು ತಗ್ಗುಗಳು ಪರಿಣತನ ಕಣ್ಣಿಗೆ ಗೋಚರಿಸುತ್ತವೆ.